ಹಳೆಯ ಲೇಬಲ್ಲು, ಹೊಸ ಸಿಹಿ

ತಂಪು ಪಾನೀಯದ ಆ ಸಣ್ಣ ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ರುಚಿಯಕ್ಕ ಎನ್ನುತ್ತಿದ್ದರು. ತೊಟ್ಟಿಯಿಂದ ಬಂದದ್ದನ್ನು ಬಾಯಲ್ಲಿ ಆಡಿಸಿ, ಉಗಿದು, ಹಾಳೆಗೆ ಸಹಿ ಹಾಕುವುದು ಹತ್ತೊಂಬತ್ತು ವರ್ಷಗಳಿಂದ ಆಕೆಯ ಕೆಲಸ. ಸಹಿ ಬೀಳದೆ ಒಂದು ಬಾಟಲಿಯೂ ಗೇಟು ದಾಟುವಂತಿರಲಿಲ್ಲ. ಬೆಳಗಿನ ಕಾಫಿಯನ್ನೂ ಆಕೆ ಬಿಟ್ಟಿದ್ದಳು. "ನಾಲಿಗೆ ಕಾರ್ಖಾನೆಯದು, ಮನೇಲಿ ಬಯ್ಯೋಕಷ್ಟೇ ನಂದು" ಎಂದು ನಗಿಸುತ್ತಿದ್ದಳು.

ಒಂದು ಬೆಳಿಗ್ಗೆ ನಿಂಬೆ ಪಾನೀಯದ ಮೊದಲ ಗುಟುಕಿಗೇ ಆಕೆಗೆ ಅನುಮಾನ ಬಂತು. ಸಿಹಿ ತಡವಾಗಿ ಬಂದು, ನೀರು ಕುಡಿದರೂ ಗಂಟಲ ಬಳಿ ಅಂಟಿಕೊಂಡೇ ಇತ್ತು. ಉಗ್ರಾಣದಲ್ಲಿ ಸಕ್ಕರೆ ಮೂಟೆಗಳ ಜಾಗ ಖಾಲಿ, ಅಲ್ಲೊಂದು ಡಬ್ಬಿ. ಮೇಲೆ 'ಆಸ್ಪರ್ಟೇಮ್' ಎಂದಿತ್ತು.

ಆ ಹೆಸರು ಆಕೆಗೆ ಹೊಸದಲ್ಲ. ತಂಗಿಯ ಮಗಳಿಗೆ ಹುಟ್ಟಿನಿಂದಲೇ ಒಂದು ಅಪರೂಪದ ತೊಂದರೆ. ಈ ಕೃತಕ ಸಿಹಿಯಲ್ಲಿರುವ ಒಂದು ಅಂಶ ಅವಳ ಮೈಗೆ ಅರಗದೆ ರಕ್ತದಲ್ಲಿ ಉಳಿದು, ಮಿದುಳಿಗೆ ಪೆಟ್ಟು ಕೊಡಬಲ್ಲದು. ತಂಗಿ ಅಂಗಡಿಯಲ್ಲಿ ಪ್ರತಿ ಪೊಟ್ಟಣವನ್ನೂ ಬೆಳಕಿಗೆ ಹಿಡಿದು ಓದಿಯೇ ಕೊಳ್ಳುವವಳು. ಅಕ್ಕನ ಕಾರ್ಖಾನೆಯದೊಂದನ್ನು ಮಾತ್ರ ಓದದೆ ಮಗುವಿನ ಕೈಗೆ ಕೊಡುತ್ತಿದ್ದಳು.

ಆಕೆ ನೇರ ಯಜಮಾನರ ಕೋಣೆಗೆ ಹೋದಳು. "ಲೇಬಲ್ ಬದಲಾಗಿದ್ಯಾ, ಯಜಮಾನ್ರೇ?"

"ಹಳೇದು ರಾಶಿ ಬಿದ್ದಿದೆ. ಅದು ಮುಗೀಲಿ. ಅಷ್ಟು ಸಣ್ಣ ಅಕ್ಷರ ಯಾರಮ್ಮಾ ಓದ್ತಾರೆ?"

"ನನ್ನ ತಂಗಿಯಂಥೋರು ಓದ್ತಾರೆ. ಅವಳ ಮಗಳಿಗೆ ಇದು ವಿಷ."

"ಒಬ್ಬಳಿಗೋಸ್ಕರ ಕೆಲಸ ನಿಲ್ಲಿಸ್ಲಾ?"

"ಒಬ್ಬಳೇ ಅಂತ ನಿಮಗೆ ಹೇಗೆ ಗೊತ್ತು?" ಆಕೆ ಪೆನ್ನನ್ನು ಮೇಜಿನ ಮೇಲಿಟ್ಟಳು. "ನನ್ನ ಸಹಿ ಬೀಳಲ್ಲ."

ಯಜಮಾನರು ಸಿಡಿಮಿಡಿಗೊಂಡು ಆಕೆಯನ್ನು ಬಾಟಲಿ ತೊಳೆಯಲು ಕಳಿಸಿ, ಸಹಿಗೆ ಮೇಸ್ತ್ರಿಯನ್ನು ಕರೆಸಿದರು. ಮೇಸ್ತ್ರಿ ಹಾಳೆ ನೋಡಿದ, ಆಕೆಯ ಒದ್ದೆ ಕೈ ನೋಡಿದ, ತಲೆ ಕೆರೆದುಕೊಂಡ.

"ನಂಗೆ ಉಪ್ಪು ಯಾವ್ದು ಸಕ್ಕರೆ ಯಾವ್ದು ಅಂತಾನೇ ಗೊತ್ತಾಗಲ್ಲ ಸ್ವಾಮಿ. ನನ್ನ ಬಿಟ್ಬಿಡಿ."

ಮೂರು ದಿನ ಲಾರಿ ಒಳಗೇ ನಿಂತಿತ್ತು. ಬಾಟಲಿ ತೊಳೆಯುವಾಗ ಆಕೆಗೆ ಒಂದೇ ಯೋಚನೆ. ಕೆಲಸ ಹೋದರೆ ಈ ವಯಸ್ಸಿನಲ್ಲಿ ಯಾರು ಕರೆಯುತ್ತಾರೆ? ನಾಲ್ಕನೆಯ ದಿನ ಯಜಮಾನರು ಅಚ್ಚು ಹಾಕಿಸಿದ ಚೀಟಿಗಳ ಕಟ್ಟು ಬಂತು. ಒಳಗೆ ಏನಿದೆ, ಯಾರು ಕುಡಿಯಬಾರದು ಎಂದು ಎರಡೇ ಸಾಲು. ಪ್ರತಿ ಬಾಟಲಿಗೂ ಕೈಯಿಂದಲೇ ಅಂಟಿಸಬೇಕಿತ್ತು. ಆಕೆ ಎಲ್ಲರಿಗಿಂತ ಮೊದಲು ಅಂಟಿನ ಡಬ್ಬಿ ಹಿಡಿದು ಕೂತಳು. ಯಜಮಾನರೂ ಬಂದು ಒಂದು ಕಟ್ಟು ಬಿಚ್ಚಿದರು. ಮರುವಾರ ಆಕೆ ತನ್ನ ಹಳೆಯ ಮೇಜಿಗೆ ಮರಳಿದಳು.

ರಜೆಯ ದಿನ ತಂಗಿಯ ಮನೆಗೆ ಬರಿಗೈಲಿ ಹೋದಾಗ ಹುಡುಗಿ ಚೀಲ ತಡಕಿದಳು. "ದೊಡ್ಡಮ್ಮಾ, ನಿಂಬೇದು ಎಲ್ಲಿ?"

"ಇನ್ಮೇಲೆ ಅದು ನಿಂಗಲ್ಲ ಪುಟ್ಟೀ."

"ನೀನೇ ಅಲ್ವಾ ಅದನ್ನ ಮಾಡೋದು?"

ಹುಡುಗಿ ಮುಖ ಊದಿಸಿಕೊಂಡು ಒಳಗೆ ಹೋದಳು. ಆ ಮುನಿಸು ಕರಗಲು ಎರಡು ವಾರ ಹಿಡಿಯಿತು. ಅಷ್ಟೂ ದಿನ ದೊಡ್ಡಮ್ಮ ಅದನ್ನು ಸುಮ್ಮನೆ ಸಹಿಸಿಕೊಂಡಳು.