ಡೀಸೆಲ್ ಟಾಕಿಯ ಮೇಲಿನ ಕುಂಬಾರ ಹುಳ

1988ರ ಬೇಸಿಗೆ. ಅಥಣಿಯ ಪಂಪ್‌ಸೆಟ್ ಅಂಗಡಿಯೊಂದರಲ್ಲಿ ನಾನು ಸರ್ವಿಸ್ ಮೆಕ್ಯಾನಿಕ್. ಕಾಗವಾಡದ ಕಡೆಯ ರೈತ ಅಪ್ಪಾಸಾಹೇಬರ ಐದು ಎಚ್.ಪಿ. ಡೀಸೆಲ್ ಎಂಜಿನ್ ನನ್ನ ತಲೆ ತಿಂದದ್ದು ಆಗಲೇ. ಅವರ ಮೂರು ಎಕರೆ ದ್ರಾಕ್ಷಿ ಹೊಸ ಚಿಗುರು ಬಿಡುತ್ತಿತ್ತು. ಬಾವಿಯಲ್ಲಿ ನೀರಿತ್ತು, ಆದರೆ ಎಂಜಿನ್ ಅರ್ಧ ಗಂಟೆಗೇ ನಿಂತುಬಿಡುತ್ತಿತ್ತು. ಇನ್ನೊಂದು ವಾರ ಹೀಗೇ ಆದರೆ ಚಿಗುರು ಸುಟ್ಟು ಬೆಳೆ ಕೈಬಿಡುತ್ತಿತ್ತು.

ಮೊದಲ ದಿನವೇ ಟಾಕಿಯ ಮುಚ್ಚಳದ ಮೇಲೆ ಮಣ್ಣಿನ ಗೂಡು ಕಂಡೆ. ಜೇಡ ಹಿಡಿದು ತಂದು, ಮರಿಗೆ ಆಹಾರವಾಗಲೆಂದು ಮಣ್ಣಿನ ಕೋಣೆಯಲ್ಲಿ ತುಂಬಿಡುವ ಕಣಜದ ಗೂಡು ಅದು. ನಮ್ಮ ಕಡೆ ಕುಂಬಾರ ಹುಳ, ಪುಸ್ತಕದಲ್ಲಿ ಸ್ಕೆಲಿಫ್ರಾನ್. ಕೆರೆದು ಹಾಕಲು ಸ್ಕ್ರೂಡ್ರೈವರ್ ಎತ್ತಿದ್ದೇ ತಡ, ಅಪ್ಪಾಸಾಹೇಬರ ತಾಯಿ ಗಂಗವ್ವ ಅಡ್ಡ ಬಂದರು.

"ಒಡೀಬ್ಯಾಡೋ ತಮ್ಮಾ! ಕುಂಬಾರ ಹುಳ ಗೂಡು ಕಟ್ಟಿದ್ರ ಮನ್ಯಾಗ ತೊಟ್ಟಲಾ ತೂಗತೈತಿ."

ಸೊಸೆ ಶೋಭಾಗೆ ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ. ಹಾಗಾಗಿ ನಾನು ಮುಚ್ಚಳವನ್ನು ಜೋಪಾನವಾಗಿ ತಿರುವಿ ತೆಗೆದು ನೆರಳಿನಲ್ಲಿಟ್ಟೆ. ಫಿಲ್ಟರ್ ತೊಳೆದು ಎಂಜಿನ್ ಓಡಿಸಿದೆ. ಒಂದು ಗಂಟೆ ತಕರಾರಿಲ್ಲದೆ ಓಡಿತು. ಮುಚ್ಚಳ ಹಾಕಿ ಹೊರಟೆ. ಮರುದಿನ ಮತ್ತೆ ಕರೆ. ಆ ಸಲ ಇಂಜೆಕ್ಟರ್ ಬಿಚ್ಚಿದೆ, ಮೂರನೆಯ ಸಲ ಫ್ಯುಯೆಲ್ ಪಂಪನ್ನೇ ಬದಲಿಸಿದೆ. ಪ್ರತಿ ಸಲವೂ ಮುಚ್ಚಳ ತೆಗೆದಿಟ್ಟೇ ಓಡಿಸಿ ನೋಡುತ್ತಿದ್ದೆ, ಹೊರಡುವಾಗ ಹಾಕುತ್ತಿದ್ದೆ.

"ನೀವ್ ಇದ್ದಾಗ ಚಲೋ ನಡಿತೈತ್ರಿ ಮಿಸ್ತ್ರಿ, ನೀವ್ ಹ್ವಾದ್ ಕೂಡ್ಲೇ ಬಂದ್ ಬೀಳತೈತಿ," ಎಂದರು ಅಪ್ಪಾಸಾಹೇಬ.

"ಹಂಗಾದ್ರ ನಾ ಇಲ್ಲೇ ಸಂಸಾರ ಹೂಡ್ಲೇನ್ರಿ?" ಎಂದು ರೇಗಿದೆ. ನಿಜಕ್ಕೂ ಆ ಎಂಜಿನ್ನನ್ನು ಬಾವಿಗೆ ನೂಕುವಷ್ಟು ಸಿಟ್ಟು ಬಂದಿತ್ತು.

ನಾಲ್ಕನೆಯ ಸಲ ಎಲ್ಲ ಮುಚ್ಚಿ, ಎಂಜಿನ್ ಓಡಲು ಬಿಟ್ಟು ಹೊರಟವನನ್ನು ಗಂಗವ್ವ ಚಹಾಕ್ಕೆ ಕೂರಿಸಿದರು. ಎರಡನೇ ಕಪ್ಪು ಮುಗಿಯುವಾಗ ಎಂಜಿನ್ ನಿಂತಿತು. ಓಡಿಹೋಗಿ ಮುಚ್ಚಳ ತಿರುವಿದೆ. ಟಾಕಿ ಸುಸ್ ಎಂದು ಗಾಳಿ ಎಳೆದುಕೊಂಡಿತು. ಆ ಮುಚ್ಚಳದಲ್ಲಿ ಗಾಳಿಗೆಂದು ಸೂಜಿಯಷ್ಟು ರಂಧ್ರವಿರುತ್ತದೆ; ಅದು ಮುಚ್ಚಿದರೆ ಡೀಸೆಲ್ ಕೆಳಗೆ ಇಳಿಯುವುದಿಲ್ಲ. ರಂಧ್ರದ ಮೇಲೇ ಗೂಡು ಕೂತಿತ್ತು!

"ಈ ದರಿದ್ರ ಹುಳದ ಸಲುವಾಗಿ ನಾಕ್ ಸಲ ಬಂದೆ!" ಎಂದು ಕಿರುಚಿದೆ. ಗಂಗವ್ವ ಮುಚ್ಚಳ ಕಸಿದು ಸೆರಗಿನಲ್ಲಿ ಹಿಡಿದರು. ಶೋಭಾ ಒಳಗಿನಿಂದ ಡಬ್ಬಿಯೊಂದರ ತಗಡಿನ ಮುಚ್ಚಳ ತಂದು ಕೊಟ್ಟಳು. ಅದಕ್ಕೆ ಮೊಳೆಯಿಂದ ತೂತು ಹೊಡೆದು ಟಾಕಿಗೆ ಕೂರಿಸಿದೆ. ಸಂಜೆಯವರೆಗೂ ಎಂಜಿನ್ ನಿಲ್ಲಲಿಲ್ಲ, ಕೊನೆಯ ಸಾಲಿಗೂ ನೀರು ಹರಿಯಿತು.

ನಾನಿನ್ನೂ ಹುಳಕ್ಕೆ ಶಾಪ ಹಾಕುತ್ತಲೇ ಇದ್ದೆ. ಗಂಗವ್ವ ಮೆಲ್ಲಗೆ ಅಂದರು: "ಹುಳಕ್ಕ ಯಾಕ ಬೈತಿ? ಅದು ಗೂಡು ಕಟ್ಟಿತು, ಅಷ್ಟ. ದಿನಾ ಆ ಮುಚ್ಚಳಾ ಹಾಕಿ ಹೋದಾಂವ ನೀನ."

ಮುಂದೆ ಇಪ್ಪತ್ತು ವರ್ಷ ಆ ಕೆಲಸದಲ್ಲಿದ್ದೆ. ಯಂತ್ರವನ್ನು ಬಿಚ್ಚಿಟ್ಟು ಓಡಿಸಿ 'ಸರಿಯಾಯಿತು' ಎಂದು ಮತ್ತೆಂದೂ ಹೇಳಲಿಲ್ಲ. ರೈತ ಹೇಗೆ ಓಡಿಸುತ್ತಾನೋ ಹಾಗೇ ಎಲ್ಲ ಮುಚ್ಚಿ ಓಡಿಸಿ, ಎರಡು ಕಪ್ಪು ಚಹಾ ಕುಡಿದೇ ಏಳುತ್ತಿದ್ದೆ.