ಬ್ರೆಮರ್‌ಫೋರ್ಡೆಯವರೆಗೆ

ಮೇಲಿನ ಮನೆಯ ಅಂಕಲ್‌ಗೆ ಎಡಗಾಲಿನ ಹೆಬ್ಬೆರಳಲ್ಲಿ ಉಗುರಿರಲಿಲ್ಲ. ಬೂನ್ ಲೇಯ ನಮ್ಮ ಬ್ಲಾಕಿನ ಕೆಳಗೆ, ಗೋಡೆಯಿಲ್ಲದ ವಾಯ್ಡ್ ಡೆಕ್‌ನಲ್ಲಿ ಕೂತಾಗಲೆಲ್ಲ ಆ ಬೋಳು ಬೆರಳನ್ನು ಪದಕದ ಹಾಗೆ ತೋರಿಸುತ್ತಿದ್ದರು. "ಓಸ್ಟೆ ತಗೊಂಡ್ಬಿಡ್ತಮ್ಮ ಇದನ್ನ. ಒದ್ದೆ ಬೂಟು!"

ತೊಂಬತ್ತರ ದಶಕದ ಆರಂಭವದು. ಹೊಸದಾಗಿ ಸಿಂಗಪುರಕ್ಕೆ ಬಂದು, ಮಾತಿಗೆ ಜನವಿಲ್ಲದೆ ಒದ್ದಾಡುತ್ತಿದ್ದ ನನಗೆ ಅಂಕಲ್-ಆಂಟಿಯ ಮನೆಯೇ ತವರು. ಅಲ್ಲಿ ಕಾಫಿಯ ಜೊತೆ ಓಸ್ಟೆ ನದಿಯ ಕಥೆ ಕಡ್ಡಾಯ. ಉತ್ತರ ಜರ್ಮನಿಯ ಪುಟ್ಟ ನದಿ. ಮೈಸೂರಿನ ಈ ಮನುಷ್ಯ ಹ್ಯಾಂಬರ್ಗ್‌ನಲ್ಲಿ ಓದುವಾಗ ರಜೆ ಸಿಕ್ಕಾಗಲೆಲ್ಲ ಅದರ ದಂಡೆ ಹಿಡಿದು ನಡೆದಿದ್ದರು. ಟೋಸ್ಟೆಡ್ಟ್ ಬಳಿ ಬರೀ ಕಾಲುವೆಯಷ್ಟಾಗಿ ಹುಟ್ಟಿ, ಪಶ್ಚಿಮಕ್ಕೆ ಸಿಟ್ಟೆನ್ಸೆನ್, ಆಮೇಲೆ ಉತ್ತರಕ್ಕೆ ತಿರುಗಿ, ಜೌಗು ನೆಲ ದಾಟಿ ಬ್ರೆಮರ್‌ಫೋರ್ಡೆ. ಅಲ್ಲಿಯವರೆಗೆ ನಡೆದು ಬಂದ ವಾರವೇ ತಾಯಿಗೆ ಕಾಯಿಲೆಯೆಂದು ತಂತಿ ಬಂದು ಊರಿಗೆ ಮರಳಿದರು. ಆಮೇಲೆ ಮದುವೆ, ಇಲ್ಲಿ ಮೇಷ್ಟರ ಕೆಲಸ. ಬ್ರೆಮರ್‌ಫೋರ್ಡೆಯಿಂದ ಮುಂದೆ ಸಮುದ್ರದ ಉಬ್ಬರಕ್ಕೆ ನದಿ ಹಿಂದಕ್ಕೆ ಹರಿಯುತ್ತದಂತೆ. ಅದನ್ನು ಕಣ್ಣಾರೆ ನೋಡಬೇಕೆಂಬುದೊಂದೇ ಅವರಿಗೆ ಉಳಿದಿದ್ದ ಆಸೆ.

ಸ್ನಾನದ ಚೊಂಬಿನ ನೀರಿಗೆ ಗಂಗೆ, ಯಮುನೆ, ಕಾವೇರಿಯರನ್ನು ಕರೆದ ಮೇಲೆ ಓಸ್ಟೆಯನ್ನೂ ಕರೆಯುತ್ತಿದ್ದರು. "ದೇವರಿಗೆ ಜರ್ಮನ್ ಬರಲ್ಲ ರೀ," ಎಂದು ಆಂಟಿ ರೇಗುತ್ತಿದ್ದರು.

"ನೀರಿಗೆ ಬರತ್ತೆ ಕಣೇ."

ನಿವೃತ್ತಿಯಾದ ವರ್ಷ ಟಿಕೆಟ್ ಬುಕ್ ಮಾಡಿದರು. ಹೊರಡುವ ಮೊದಲೇ ಕಿಡ್ನಿ ಕೈಕೊಟ್ಟಿತು. ದಿನ ಬಿಟ್ಟು ದಿನ ಡಯಾಲಿಸಿಸ್. ಆಂಟಿ ಎಷ್ಟು ಬೇಡಿಕೊಂಡರೂ ಡಾಕ್ಟರ್ ಅಡ್ಡಡ್ಡ ತಲೆಯಾಡಿಸಿದ, "ಫ್ಲೈಟ್ ಕೆನಾಟ್ ಲಾ, ಆಂಟಿ."

ಏನಾದರೂ ಮಾಡಬೇಕಲ್ಲ ಎಂದು ನಾನೊಂದು ದೊಡ್ಡ ಮ್ಯಾಪ್ ಹುಡುಕಿ ತಂದೆ. "ನೋಡಿ ಅಂಕಲ್, ಇಲ್ಲಿ ಎಲ್ಬೆ ನದಿಗೆ ಜಾಯಿನ್ ಆಗತ್ತೆ."

ಅವರು ಅದನ್ನು ನಿಧಾನವಾಗಿ ಮಡಚಿ ನನ್ನ ಕೈಗೇ ಇಟ್ಟರು. "ಮ್ಯಾಪ್ ನೋಡಿ ಹೇಳೋ ಹಾಗಿದ್ರೆ ನಾನೇ ಹೇಳ್ತಿದ್ದೆನಲ್ಲಮ್ಮ."

ಅಳು ಬಂತು. ನನ್ನಿಂದಾಗುವುದು ಇನ್ನೇನೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಕೊನೆಯ ಮಧ್ಯಾಹ್ನ ಮತ್ತೆ ಮತ್ತೆ ಮಂಪರಿಗೆ ಜಾರುತ್ತಿದ್ದರು. ಹೇಗಾದರೂ ಎಚ್ಚರವಾಗಿಡಬೇಕೆಂದು ಆಂಟಿಯೇ, "ನಿಮ್ಮ ನದಿ ಹೇಳ್ರೀ, ಕೇಳ್ತೀನಿ," ಎಂದರು. ಟೋಸ್ಟೆಡ್ಟ್. ಸಿಟ್ಟೆನ್ಸೆನ್. ಉಸಿರು ಎಳೆದೆಳೆದು ಬ್ರೆಮರ್‌ಫೋರ್ಡೆ ಮುಟ್ಟಿದರು. ಆಂಟಿ ಕೆನ್ನೆ ತಟ್ಟಿ ತಟ್ಟಿ ಗೋಗರೆದರು, "ಮುಂದೆ? ಮುಂದೆ ಹೇಳ್ರೀ!"

"ಮುಂದೆ ನಾನಿನ್ನೂ ಹೋಗಿಲ್ಲ ಕಣೇ," ಎಂದು ಕಣ್ಣು ಮುಚ್ಚಿದರು.