ಮೊದಲು ಕೂತವರು

ಜೆ.ಪಿ. ನಗರದ ಲ್ಯಾಬೊಂದರಲ್ಲಿ ನಾನು ಗಾಜಿನ ಬುಡ್ಡಿ ತೊಳೆಯುತ್ತಿದ್ದೆ. ಅಲ್ಲಿನ ಮೇಡಂ, ಚಿಕ್ಕ ವಯಸ್ಸಿನವಳು, ಅದೇ ಬುಡ್ಡಿಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳು ಬೆಳೆಸುತ್ತಿದ್ದಳು. ಹರಳು ಸಣ್ಣದಿದ್ದರೆ ನೀಲಿ ದೀಪದಡಿ ಹಸಿರಾಗಿ ಹೊಳೆಯುತ್ತದೆ, ದಪ್ಪವಾದರೆ ಕೆಂಪಾಗಿ. ಹಸಿರು ಬಂದರೆ ಅವಳ ಕೆಲಸ ಕಾಯಂ ಎಂದಿದ್ದರು ಲ್ಯಾಬಿನ ಸಾಹೇಬರು. ಬರುತ್ತಿದ್ದದ್ದು ಕೆಂಪು.

"ಯಾಕಮ್ಮ ಹಿಂಗೆ?" ಎಂದೆ.

ಕನ್ನಡಕವನ್ನು ಮೊಣಕೈಯಿಂದ ಮೇಲೆ ತಳ್ಳುವುದು ಅವಳ ಚಾಳಿ. ತಳ್ಳಿ ಹೇಳಿದಳು: "ಊಟದ ಪಂಕ್ತಿ ಇದ್ದಂಗೆ ಅಜ್ಜಿ. ಈ ಕೆಮಿಕಲ್ ನಿಧಾನ. ಮೊದ್ಲು ನಾಕೇ ಹರಳು ಕೂರ್ತವೆ, ಇರೋದನ್ನೆಲ್ಲ ತಿಂದು ದಪ್ಪ ಆಗ್ತವೆ. ಚುರುಕಾದ್ದು ಹಾಕಿದ್ರೆ ಸಾವಿರ ಹರಳು ಒಟ್ಟಿಗೇ ಕೂರ್ತವೆ. ಅನ್ನ ಅಷ್ಟೇ ಅಲ್ವಾ, ಎಲ್ಲಾ ಸಣ್ಣವೇ. ಮೊದ್ಲು ಎಷ್ಟು ಜನ ಕೂತ್ರು ಅನ್ನೋದೇ ಲೆಕ್ಕ."

ಯಾವಾಗ ಕೇಳಿದರೂ ಇದೇ ಮಾತು. ಕೆಮಿಕಲ್ ಬದಲಾಯಿಸೋಣ ಎಂದು ಅವಳು ಹೇಳಿದರೆ ಸಾಹೇಬರು, "ದಪ್ಪ ಆಗೋ ಮೊದ್ಲೇ ಒಲೆಯಿಂದ ಇಳಿಸು ಸಾಕು, ನಂಗೆ ಪಾಠ ಹೇಳ್ಬೇಡ" ಎನ್ನುತ್ತಿದ್ದರು. ಕೊನೆಗೆ ಅವಳು ಅವರನ್ನು ಕೇಳದೆಯೇ ಬದಲಾಯಿಸಿದಳು. ಹಸಿರು ಬಂತು.

ನೋಡಲು ದೊಡ್ಡವರು ಬಂದರು. ಸಾಹೇಬರು ಬುಡ್ಡಿ ಎತ್ತಿ ಹಿಡಿದು, "ಕೆಮಿಕಲ್ ಬದಲಾಯಿಸು ಅಂತ ನಾನೇ ಹೇಳ್ದೆ" ಎಂದರು. ಕೆಲಸ ಕಾಯಂ ಆದದ್ದು ಸಾಹೇಬರ ಅಳಿಯನಿಗೆ.

ಒಳಗೆ ಅವರೆಲ್ಲರ ಊಟ ನಡೆದಿತ್ತು. ಇವಳು ಬುಡ್ಡಿ ತೊಳೆಯುವ ಕಟ್ಟೆಗೆ ಬಂದು ನನ್ನ ಡಬ್ಬಿಯ ಚಿತ್ರಾನ್ನಕ್ಕೆ ಕೈ ಹಾಕಿದಳು.

"ಒಳಗೆ ಹೋಗಿ ಉಣ್ಣಮ್ಮ, ನಿನ್ನ ಹಸಿರಿಂದಲೇ ಅಲ್ವಾ ಆ ಊಟ" ಎಂದೆ.

ಕನ್ನಡಕವನ್ನು ಮೊಣಕೈಯಿಂದ ತಳ್ಳಿದಳು. "ಅಲ್ಲಿ ಮೊದ್ಲೇ ನಾಕು ಜನ ಕೂತಿದ್ದಾರೆ ಅಜ್ಜಿ."